ಸ್ಟ್ಯಾಂಡಿಂಗ್ ಡೆಸ್ಕ್: ಒಂದು ಮೋಟಾರೋ, ಎರಡೋ, ಇರುವ ಮೇಜಿನ ಮೇಲೇ ರೈಸರೋ?

ಸ್ಟ್ಯಾಂಡಿಂಗ್ ಡೆಸ್ಕ್, ಅಂದರೆ ಕೂತೂ ನಿಂತೂ ಕೆಲಸ ಮಾಡಲು ಏರಿಸಿ ಇಳಿಸುವ ಮೇಜು, ಮಾರುವವರು ಮೊದಲು ಹೇಳುವುದು ಅದು ಎಷ್ಟು ಎತ್ತರಕ್ಕೆ ಏರುತ್ತದೆ ಅನ್ನುವುದನ್ನು. 120, 125 ಸೆಂ.ಮೀ. ಅಂತ ದಪ್ಪಕ್ಷರದಲ್ಲಿ ಬರೆದಿರುತ್ತದೆ. ಕೊಳ್ಳುವವರು ಹುಡುಕಬೇಕಾದ್ದು ಪಕ್ಕದ ಸಣ್ಣಕ್ಷರದ ಸಂಖ್ಯೆಯನ್ನು: ಎಷ್ಟು ಕೆಳಗೆ ಇಳಿಯುತ್ತದೆ?

ನಿಂತಾಗ ನೆಲದಿಂದ ಮೊಣಕೈವರೆಗಿನ ಎತ್ತರ ಮೈಯೆತ್ತರದ ಸುಮಾರು ಶೇ. 63. ಐದಡಿ ಮೂರಿಂಚಿನವರಿಗೆ 101 ಸೆಂ.ಮೀ., ಆರಡಿಯವರಿಗೆ 115. ಕೀಬೋರ್ಡಿನ ದಪ್ಪ 2–3 ಸೆಂ.ಮೀ. ಕಳೆದರೆ ಹಲಗೆ ಇನ್ನೂ ಕೆಳಗಿದ್ದರೂ ಸಾಕು. 120 ದಾಟಿ ಏರುವ ಮೇಜು ನಮ್ಮಲ್ಲಿ ಬಹುತೇಕರಿಗೆ ಬೇಕೇ ಇಲ್ಲ. ಕೂತಾಗ ಮಾತ್ರ ಲೆಕ್ಕ ತಿರುಗಿಬೀಳುತ್ತದೆ. ಅದೇ ಐದಡಿ ಮೂರಿಂಚಿನವರು ಪಾದ ಪೂರ್ತಿ ನೆಲಕ್ಕೂರಿ ಕೂತರೆ ಮೊಣಕೈ ನಿಲ್ಲುವುದು 62–63 ಸೆಂ.ಮೀ. ಹತ್ತಿರ. ಅಗ್ಗದ ಫ್ರೇಮುಗಳು (ಹಲಗೆ ಬಿಟ್ಟು ಉಳಿದ ಉಕ್ಕಿನ ಚೌಕಟ್ಟು) ಇಳಿಯುವುದು ಸುಮಾರು 71ರವರೆಗೆ, ಅದರ ಮೇಲೆ 25 ಮಿ.ಮೀ. ಹಲಗೆ ಕೂತರೆ 73.5. ಭುಜ ಎತ್ತಿಕೊಂಡೇ ಟೈಪ್ ಮಾಡಬೇಕು, ಇಲ್ಲವೇ ಕುರ್ಚಿ ಏರಿಸಿ ಕಾಲಡಿಗೆ ಮಣೆ ಇಡಬೇಕು. ಸ್ಟ್ಯಾಂಡಿಂಗ್ ಡೆಸ್ಕ್ ತಂದವರೂ ದಿನದ ಹೆಚ್ಚು ಹೊತ್ತು ಕೂತೇ ಇರುತ್ತಾರೆ ಅನ್ನುವುದನ್ನು ಮರೆತರೆ ದುಡ್ಡು ಕೊಟ್ಟು ಕುತ್ತಿಗೆ ನೋವು ತಂದಂತೆ.

ಇನ್ನೊಂದು ಎಚ್ಚರ: ಪೆಟ್ಟಿಗೆಯ ಮೇಲಿನ ಎತ್ತರ ಸಾಮಾನ್ಯವಾಗಿ ಬರೀ ಫ್ರೇಮಿನದು. ಹಲಗೆಯ ದಪ್ಪ ನೀವೇ ಕೂಡಿಕೊಳ್ಳಬೇಕು. ಅಳತೆ ತೆಗೆಯುವಾಗ ಮನೆಯಲ್ಲಿ ಹೇಗಿರುತ್ತೀರೋ ಹಾಗೇ, ಬರಿಗಾಲಲ್ಲಿ ನಿಲ್ಲಿ. ಚಪ್ಪಲಿ ಹಾಕಿದರೆ ಎರಡು ಸೆಂ.ಮೀ. ಸುಳ್ಳು ಸೇರುತ್ತದೆ.

ಕೊಳ್ಳುವ ಮೊದಲು ಕಾಸಿಲ್ಲದ ಪರೀಕ್ಷೆಯೊಂದಿದೆ. ಅಡುಗೆಮನೆಯ ಕಟ್ಟೆ ಸಾಮಾನ್ಯವಾಗಿ 32–34 ಇಂಚು, ಅಂದರೆ 81–86 ಸೆಂ.ಮೀ. ಅದರ ಮೇಲೆ 15 ಸೆಂ.ಮೀ. ಎತ್ತರದ ಗಟ್ಟಿ ರಟ್ಟಿನ ಪೆಟ್ಟಿಗೆ ಇಟ್ಟರೆ ನಿಂತು ಬರೆಯುವ ಎತ್ತರ ಸಿಗುತ್ತದೆ. ದಿನಕ್ಕೆ ಎರಡು ಸಲ, ಇಪ್ಪತ್ತಿಪ್ಪತ್ತು ನಿಮಿಷದಂತೆ ಒಂದು ವಾರ ಅಲ್ಲಿ ಮೇಲ್ ಬರೆಯಿರಿ. ನಾಲ್ಕನೇ ದಿನಕ್ಕೇ ಬೇಸರ ಬಂದರೆ ಮೋಟಾರು ತಂದರೂ ಅದೇ ಗತಿ. ತೂಕ ಇಳಿಯುತ್ತದೆ ಅನ್ನುವ ಆಸೆಯಿದ್ದರೆ ಈಗಲೇ ಬಿಡಿ: 2018ರಲ್ಲಿ ಪ್ರಕಟವಾದ ಅಧ್ಯಯನಗಳ ಒಟ್ಟು ವಿಶ್ಲೇಷಣೆಯ ಪ್ರಕಾರ ಕೂರುವುದಕ್ಕಿಂತ ನಿಲ್ಲುವುದರಲ್ಲಿ ನಿಮಿಷಕ್ಕೆ ಹೆಚ್ಚು ಖರ್ಚಾಗುವುದು 0.15 ಕ್ಯಾಲೊರಿ. ಗಂಟೆಗೆ ಒಂಬತ್ತು, ಅಂದರೆ ಅರ್ಧ ಬಿಸ್ಕತ್ತು. ಲಾಭವಿರುವುದು ಭಂಗಿ ಬದಲಾಗುವುದರಲ್ಲಿ.

ಸಿಂಗಲ್ ಮೋಟಾರ್

ಒಂದು ಕಾಲಿನಲ್ಲಿ ಮೋಟಾರು. ಅಲ್ಲಿಂದ ಆರು ಮೂಲೆಯ ಉಕ್ಕಿನ ಸರಳು ಇನ್ನೊಂದು ಕಾಲಿಗೆ ಹೋಗಿ ಎರಡನ್ನೂ ಒಟ್ಟಿಗೆ ತಿರುಗಿಸುತ್ತದೆ. ಇವುಗಳಲ್ಲಿ ಹೆಚ್ಚಿನವಕ್ಕೆ ಎರಡು ಹಂತದ ಕಾಲು, ಅಂದರೆ ಒಂದು ಕೊಳವೆಯೊಳಗೆ ಇನ್ನೊಂದು. 71 ಸೆಂ.ಮೀ.ನ ತಕರಾರು ಹುಟ್ಟುವುದು ಇಲ್ಲೇ. ಭಾರ 70–80 ಕೆ.ಜಿ. ಹೊರುತ್ತದೆ. ಮನೆಯ ಕೆಲಸಕ್ಕೆ ಅದು ಧಾರಾಳ, ಎರಡು ಮಾನಿಟರು, ಲ್ಯಾಪ್‌ಟಾಪು, ಹಲಗೆ ಎಲ್ಲ ಸೇರಿ 35 ಕೆ.ಜಿ. ದಾಟುವುದು ಅಪರೂಪ. ವೇಗ ಸೆಕೆಂಡಿಗೆ 25 ಮಿ.ಮೀ. ಆಸುಪಾಸು, 40 ಸೆಂ.ಮೀ. ಏರಲು 16 ಸೆಕೆಂಡು.

ಕೆಡುವುದು ಸಾಮಾನ್ಯವಾಗಿ ಮೋಟಾರಲ್ಲ, ಆ ಸರಳು. ಅದನ್ನು ಹಿಡಿದಿರುವ ಪುಟ್ಟ ಅಲೆನ್ ಸ್ಕ್ರೂ ಸಡಿಲವಾದರೆ ಮೋಟಾರಿನ ಕಾಲು ಏರುತ್ತದೆ, ಇನ್ನೊಂದು ಹಿಂದೆ ಉಳಿಯುತ್ತದೆ, ಪೆನ್ನು ಉರುಳತೊಡಗುತ್ತದೆ. ಮೇಜನ್ನು ತೀರ ಕೆಳಗಿಳಿಸಿ, ಸ್ಕ್ರೂ ಬಿಚ್ಚಿ, ಹಿಂದುಳಿದ ಕಡೆಯ ಸರಳನ್ನು ಕೈಯಿಂದ ತಿರುಗಿಸಿ ಎರಡೂ ಕಾಲು ಸಮ ಮಾಡಿ, ಮತ್ತೆ ಬಿಗಿ ಮಾಡಿದರೆ ಆಯಿತು. ಹತ್ತು ನಿಮಿಷದ ಕೆಲಸಕ್ಕೆ ಸರ್ವಿಸ್‌ನವರನ್ನು ವಾರ ಕಾಯಬೇಕಿಲ್ಲ.

ಡ್ಯುಯಲ್ ಮೋಟಾರ್

ಎರಡು ಕಾಲಿಗೂ ತನ್ನದೇ ಮೋಟಾರು, ಅವುಗಳನ್ನು ಜೊತೆಯಲ್ಲಿ ಓಡಿಸುವುದು ಹಲಗೆಯ ಅಡಿಯ ಕಂಟ್ರೋಲ್ ಬಾಕ್ಸ್. 40 ಸೆಂ.ಮೀ. ಏರಲು ಹತ್ತು-ಹನ್ನೊಂದು ಸೆಕೆಂಡು. ಭಾರ 100–125 ಕೆ.ಜಿ. ಜಾಹೀರಾತು ಇವೆರಡನ್ನೇ ಕೂಗುತ್ತದೆ, ಆದರೆ ಇದಕ್ಕೆ ಹೆಚ್ಚು ಕೊಡಲು ನಿಜವಾದ ಕಾರಣ ಮೂರು ಹಂತದ ಕಾಲು. ಮೂರು ಕೊಳವೆ ಒಂದರೊಳಗೊಂದು ಸೇರುವುದರಿಂದ ಫ್ರೇಮು 60–62 ಸೆಂ.ಮೀ.ವರೆಗೂ ಇಳಿಯುತ್ತದೆ. ಡ್ಯುಯಲ್ ಮೋಟಾರಿದ್ದೂ ಎರಡೇ ಹಂತದ ಕಾಲಿರುವ ಮೇಜುಗಳು ಮಾರುಕಟ್ಟೆಯಲ್ಲಿವೆ, ಹೆಸರು ನೋಡಿ ಮೋಸ ಹೋಗಬೇಡಿ. ‘ಎಷ್ಟು ಹಂತ?’ ಅಂತ ಬಾಯಿಬಿಟ್ಟು ಕೇಳಿ.

ಇದರ ತೊಂದರೆಗಳು ಬೇರೆ ಜಾತಿಯವು. ಮೋಟಾರಿನ ಕನೆಕ್ಟರ್ ‘ಟಕ್’ ಅನ್ನುವವರೆಗೆ ಒತ್ತದಿದ್ದರೆ ಒಂದು ಕಾಲಿನ ಸುದ್ದಿ ಬಾಕ್ಸಿಗೆ ತಲುಪುವುದಿಲ್ಲ, ಪರದೆಯಲ್ಲಿ ಎರರ್ ಬಂದು ಮೇಜು ಹಟ ಹಿಡಿದು ನಿಲ್ಲುತ್ತದೆ. ಮೊದಲ ಸಲ ಜೋಡಿಸಿದಾಗ, ಕೆಲವೊಮ್ಮೆ ಏರುವ ಮಧ್ಯೆ ಕರೆಂಟು ಹೋಗಿ ಬಂದಾಗಲೂ, ರೀಸೆಟ್ ಬೇಕು: ಇಳಿಸುವ ಗುಂಡಿಯನ್ನು ಒತ್ತಿ ಹಿಡಿದಿರಿ, ತೀರ ಕೆಳಗೆ ಹೋಗಿ ಒಂದಿಷ್ಟು ಪುಟಿದು ನಿಲ್ಲುವವರೆಗೆ ಬೆರಳು ತೆಗೆಯಬೇಡಿ. ‘ಡೆಡ್ ಪೀಸ್’ ಅಂತ ವಾಪಸ್ ಹೋಗುವ ಮೇಜುಗಳಲ್ಲಿ ಈ ರೀಸೆಟ್ ಮಾಡದವೂ ಇರುತ್ತವೆ. ಮಕ್ಕಳಿಗೆ ಲಿಫ್ಟ್ ಆಟ ಆಡಲು ಬಿಟ್ಟರೂ ನಿಲ್ಲುತ್ತದೆ. ಇಂಥ ಮೋಟಾರುಗಳನ್ನು ಎರಡು ನಿಮಿಷ ಓಡಿದರೆ 18 ನಿಮಿಷ ಬಿಡುವು ಅನ್ನುವ ಲೆಕ್ಕದಲ್ಲಿ ಮಾಡಿರುತ್ತಾರೆ.

ರೈಸರ್, ಹಿಡಿಕೆ, ಬಡಗಿಯ ಮೇಜು

ರೈಸರ್ ಅಂದರೆ ಇರುವ ಮೇಜಿನ ಮೇಲೆ ಕೂರಿಸುವ, ಗ್ಯಾಸ್ ಸ್ಪ್ರಿಂಗ್‌ನಿಂದ ಏಳುವ ಅಟ್ಟ. ಬಾಡಿಗೆ ಮನೆಯವರಿಗೆ, ವರ್ಷಕ್ಕೊಮ್ಮೆ ಸಾಮಾನು ಕಟ್ಟುವವರಿಗೆ ಅನುಕೂಲ. ಆದರೆ ಕೂತಾಗಿನ ಎತ್ತರ ಅದು ಸರಿಮಾಡುವುದಿಲ್ಲ, ಇನ್ನೂ ಕೆಡಿಸುತ್ತದೆ: 75 ಸೆಂ.ಮೀ.ನ ಮೇಜಿನ ಮೇಲೆ ಕೀಬೋರ್ಡ್ ತಟ್ಟೆಯ ದಪ್ಪವೂ ಸೇರುತ್ತದೆ. ಅದರದೇ ತೂಕ 15–20 ಕೆ.ಜಿ. ಇರುತ್ತದೆ, ಪಾರ್ಟಿಕಲ್ ಬೋರ್ಡಿನ ತೆಳು ಸ್ಟಡಿ ಟೇಬಲ್ ನಡುವೆ ಬಗ್ಗುತ್ತದೆ. ಮೇಲೇಳುವಾಗ ಮುಂದಕ್ಕೂ ಚಾಚುವ ಮಾದರಿ ಬೇಡ, ನೇರವಾಗಿ ಏಳುವುದನ್ನು ಆರಿಸಿ. ಮುಂದೆ ಬಂದದ್ದಕ್ಕೆ ನಾವು ಹಿಂದೆ ಸರಿಯಬೇಕು, ಸಣ್ಣ ರೂಮಿನಲ್ಲಿ ಬೆನ್ನಿಗೆ ಮಂಚ ತಗಲುತ್ತದೆ.

ಕೈಯಿಂದ ತಿರುಗಿಸುವ ಹಿಡಿಕೆಯ ಮೇಜು ಕರೆಂಟು ಕೇಳುವುದಿಲ್ಲ, ಕೆಡುವುದೂ ಕಡಿಮೆ. ಆದರೆ ಹತ್ತಾರು ಸುತ್ತು ತಿರುಗಿಸುವ ಸೋಮಾರಿತನಕ್ಕೆ ಎರಡನೇ ವಾರದಿಂದ ಅದು ಒಂದೇ ಎತ್ತರದಲ್ಲಿ ನಿಂತುಬಿಡುತ್ತದೆ.

ಬಡಗಿಯಿಂದ 40 ಇಂಚಿನ ಸ್ಥಿರ ಮೇಜು ಮಾಡಿಸುವುದು ಎಲ್ಲಕ್ಕಿಂತ ಗಟ್ಟಿ, ಅಲುಗಾಟವೇ ಇಲ್ಲ. ಕೂರಲು ಬೇರೆ ಮೇಜು ಇದ್ದರೆ ಮಾತ್ರ.

ಅಲುಗಾಟ ನೋಡುವ ಬಗೆ

ಅಂಗಡಿಯಲ್ಲಿ ಮೇಜನ್ನು 110 ಸೆಂ.ಮೀ.ಗೆ ಏರಿಸಿ, ಮುಕ್ಕಾಲು ತುಂಬಿದ ನೀರಿನ ಲೋಟ ಇಟ್ಟು, ಪಕ್ಕದಲ್ಲಿ ಟೈಪ್ ಮಾಡಿ. ನೀರು ಸಣ್ಣಗೆ ನಡುಗಿದರೆ ಪರವಾಗಿಲ್ಲ. ಬೆರಳು ತೆಗೆದ ಮೇಲೂ ಎರಡು ಸೆಕೆಂಡು ತೂಗುತ್ತಿದ್ದರೆ ಬೇಡ. ಮುಂದೆ-ಹಿಂದೆ ತೂಗುವುದಕ್ಕೆ ಕಾರಣ ಮೇಜಿನ ಕಾಲಿನಡಿಯ ಗಿಡ್ಡ ಪಾದ, 60 ಸೆಂ.ಮೀ. ಅಗಲದ ಹಲಗೆಗೆ ಪಾದವೂ ಹೆಚ್ಚುಕಡಿಮೆ ಅಷ್ಟೇ ಉದ್ದ ಇರಬೇಕು. ಎಡ-ಬಲ ತೂಗಿದರೆ ಮೇಲಿನ ಅಡ್ಡಪಟ್ಟಿ ತೆಳು ಅಥವಾ ಬೋಲ್ಟು ಸಡಿಲ. ಮಾನಿಟರ್ ಆರ್ಮ್ ಹಾಕಿದರೆ ಪರದೆಯಲ್ಲಿ ಇದೇ ಅಲುಗಾಟ ಇಮ್ಮಡಿಯಾಗಿ ಕಾಣುತ್ತದೆ.

ಹಲಗೆ

ಫ್ರೇಮ್ ಮಾತ್ರ ತಂದು ಹಲಗೆ ಇಲ್ಲಿ ಮಾಡಿಸುವುದು ಒಳ್ಳೆಯ ದಾರಿ. 120 × 60 ಸೆಂ.ಮೀ., 19 ಮಿ.ಮೀ. ಪ್ಲೈವುಡ್ ಸುಮಾರು 9 ಕೆ.ಜಿ. ತೂಗುತ್ತದೆ, 25 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) 13–14. ಪ್ಲೈಯಲ್ಲಿ ಸ್ಕ್ರೂ ಚೆನ್ನಾಗಿ ಕಚ್ಚುತ್ತದೆ, ಬಿಚ್ಚಿ ಮತ್ತೆ ಹಾಕಿದರೂ ನಿಲ್ಲುತ್ತದೆ. ಎಂಡಿಎಫ್, ಪಾರ್ಟಿಕಲ್ ಬೋರ್ಡುಗಳಲ್ಲಿ ಒಂದು ಸಲ ತೂತು ಸವೆದರೆ ಮುಗಿಯಿತು. ಮಂಗಳೂರು, ಉಡುಪಿ ಕಡೆಯವರು ಐಎಸ್ 710 ಗುರುತಿನ, ನೀರಿಗೆ ಜಗ್ಗದ ಮೆರೈನ್ ಪ್ಲೈ ಬಿಟ್ಟು ಬೇರೆ ಯೋಚಿಸಬೇಡಿ, ಮಳೆಗಾಲದ ತೇವಕ್ಕೆ ಪಾರ್ಟಿಕಲ್ ಬೋರ್ಡಿನ ಅಂಚು ಊದಿದ ಇಡ್ಲಿಯಾಗುತ್ತದೆ. ಮೇಲೆ 1 ಮಿ.ಮೀ. ಸನ್‌ಮೈಕಾ ಅಂಟಿಸಿದರೆ ಅಡಿಗೂ ತೆಳು ಲ್ಯಾಮಿನೇಟ್ ಹಾಕಿಸಿ. ಒಂದೇ ಬದಿಗೆ ಅಂಟಿಸಿದ ಹಲಗೆ ಕೆಲವೇ ತಿಂಗಳಲ್ಲಿ ದೋಣಿಯಂತೆ ಬಾಗುತ್ತದೆ. ಗ್ರಾನೈಟ್ ಆಸೆ ಕೆಲವರಿಗೆ: 18 ಮಿ.ಮೀ. ದಪ್ಪದ್ದೇ 35 ಕೆ.ಜಿ., ಸ್ಕ್ರೂ ಹೊಡೆಯುವಂತಿಲ್ಲ.

ಜೋಡಿಸುವುದು

ನೆಲಕ್ಕೆ ಜಮಖಾನ ಹಾಸಿ ಹಲಗೆಯನ್ನು ಮಗುಚಿ ಇಡಿ. ಫ್ರೇಮನ್ನು ನಡುವೆ ಕೂರಿಸಿ, ನಾಲ್ಕೂ ಬದಿಯ ಅಂತರ ಟೇಪಿನಿಂದ ನೋಡಿ, ಪೆನ್ಸಿಲ್ ಗುರುತು ಹಾಕಿ. 5 ಮಿ.ಮೀ. ಸ್ಕ್ರೂಗೆ 3 ಮಿ.ಮೀ. ಬಿಟ್‌ನಿಂದ ತೂತು ಮಾಡಿ. ಬಿಟ್ಟಿನ ತುದಿಯಿಂದ 12 ಮಿ.ಮೀ. ಬಿಟ್ಟು ಇನ್ಸುಲೇಷನ್ ಟೇಪ್ ಸುತ್ತಿದರೆ ಸನ್‌ಮೈಕಾ ತೂರಿ ಆಚೆ ಬರುವ ಭಯವಿಲ್ಲ. ಫ್ರೇಮಿಗೂ ಹಲಗೆಗೂ ನಡುವಿನ ರಬ್ಬರ್ ಬಿಲ್ಲೆಗಳನ್ನು ‘ಉಳಿದ ಸಾಮಾನು’ ಅಂತ ಎತ್ತಿಡಬೇಡಿ, ಮೋಟಾರಿನ ಗುಂಯ್ ಸದ್ದನ್ನು ಹಲಗೆಗೆ ದಾಟದಂತೆ ತಡೆಯುವುದು ಅವೇ. ಕಾಲಿನ ಬೋಲ್ಟುಗಳನ್ನೆಲ್ಲ ಮೊದಲು ಅರ್ಧ ತಿರುಗಿಸಿ, ಎಲ್ಲ ಕೂತ ಮೇಲೆ ಬಿಗಿ ಮಾಡಿ. ಒಂದನ್ನೇ ಮೊದಲು ಬಿಗಿದರೆ ಕೊನೆಯ ತೂತು ಹೊಂದುವುದೇ ಇಲ್ಲ. ಮಗುಚಲು ಇಬ್ಬರು ಬೇಕು, ಹಿಡಿಯಬೇಕಾದ್ದು ಫ್ರೇಮನ್ನು. ಹಲಗೆ ಹಿಡಿದು ಎತ್ತಿದರೆ 25–30 ಕೆ.ಜಿ. ಉಕ್ಕು ಸ್ಕ್ರೂಗಳಿಗೆ ನೇತುಬೀಳುತ್ತದೆ.

ಕಿಟಕಿಯ ಪಕ್ಕ ಇಡುವುದಾದರೆ ಕೆಳಗಿನ ಗ್ರಾನೈಟ್ ಪಟ್ಟಿ ಗೋಡೆಯಿಂದ ಎಷ್ಟು ಹೊರಚಾಚಿದೆ ನೋಡಿ, ಅದರಿಂದಾಚೆ 5 ಸೆಂ.ಮೀ. ಜಾಗ ಬಿಡಿ. ಡಿಕ್ಕಿ ತಡೆಯುವ ಸೆನ್ಸರ್ ಇದೆ ಅಂತ ನೆಚ್ಚಬೇಡಿ. ಗಟ್ಟಿ ವಸ್ತುವಿಗೆ ಅದು ನಿಲ್ಲುತ್ತದೆ, ಕುರ್ಚಿಯ ಮೆತ್ತನೆ ಕೈಯನ್ನು ಎಷ್ಟೋ ಸಲ ಒತ್ತಿಯೇ ತಿಳಿಯುತ್ತದೆ.

ತಂತಿ ವಿಷಯ. ಎಕ್ಸ್‌ಟೆನ್ಷನ್ ಬಾಕ್ಸನ್ನು ಹಲಗೆಯ ಅಡಿಗೇ ಬಿಗಿದರೆ ಗೋಡೆಗೆ ಹೋಗುವುದು ಒಂದೇ ವೈರು. ಅದಕ್ಕೆ ಮೇಜು ತೀರ ಮೇಲಿದ್ದಾಗಲೂ ಜೋತುಬೀಳುವಷ್ಟು ಉದ್ದ ಇರಲಿ. ಸಿಪಿಯು ನೆಲದಲ್ಲಿದ್ದರೆ 1.5 ಮೀಟರ್ ಎಚ್‌ಡಿಎಂಐ ಸಾಲದು. ಮೇಜನ್ನು ಯುಪಿಎಸ್‌ಗೆ ಸಿಕ್ಕಿಸಬೇಡಿ, ಮೋಟಾರು ಏಳುವ ಗಳಿಗೆಯ ಎಳೆತಕ್ಕೆ 600 ವಿಎ ಯುಪಿಎಸ್ ಕಂಪ್ಯೂಟರನ್ನೂ ಜೊತೆಗೆ ಆರಿಸಬಹುದು. ಕರೆಂಟು ಹೋದರೆ ಮೇಜು ಇದ್ದಲ್ಲೇ ನಿಲ್ಲುತ್ತದೆ, ಕುಸಿಯುವುದಿಲ್ಲ.

ಬರಿಗಾಲಲ್ಲಿ ಟೈಲ್ಸ್ ಮೇಲೆ ನಿಂತು ಫ್ರೇಮ್ ಮುಟ್ಟಿದಾಗ ಜುಮ್ಮೆಂದರೆ ಅರ್ತಿಂಗ್ ಇಲ್ಲವೆಂದು ಅರ್ಥ. ಅಡಾಪ್ಟರುಗಳಿಂದ ಸೋರುವ ಅಲ್ಪ ವಿದ್ಯುತ್ತು ಭೂಮಿಗೆ ಹೋಗಲು ದಾರಿ ಸಿಗದೆ ಉಕ್ಕಿನ ಮೂಲಕ ನಿಮಗೆ ಬರುತ್ತಿರುತ್ತದೆ. ಮೂರು ಪಿನ್ನನ್ನು ಎರಡಾಗಿಸುವ ಕನ್ವರ್ಟರ್ ಕಿತ್ತು ಹಾಕಿ, ಎಲೆಕ್ಟ್ರಿಷಿಯನ್ ಕರೆಸಿ ಆ ಪಾಯಿಂಟಿನ ಅರ್ತ್ ನೋಡಿಸಿ. ಕಾಲಡಿಗೆ 15–20 ಮಿ.ಮೀ. ದಪ್ಪದ ಮ್ಯಾಟ್ ಬೇಕೇಬೇಕು, ಹಿಮ್ಮಡಿಗೆ. ಹಳೆಯ ಯೋಗ ಮ್ಯಾಟನ್ನು ಮೂರು ಮಡಿಕೆ ಮಾಡಿದರೂ ಆದೀತು. ಮ್ಯಾಟಿನ ದಪ್ಪ ಮೇಜಿನ ಎತ್ತರಕ್ಕೆ ಕೂಡಿಸಿ.

ಒಬ್ಬರೇ ಬಳಸುವವರು, ಕೂತಾಗಲೂ ಮೊಣಕೈ 73 ಸೆಂ.ಮೀ. ಹತ್ತಿರ ಬರುವಷ್ಟು ಎತ್ತರ ಇದ್ದರೆ ಸಿಂಗಲ್ ಮೋಟಾರ್ ಸಾಕು, ಉಳಿದ ದುಡ್ಡು ಕುರ್ಚಿಗೆ ಹಾಕಿ. ಅದಕ್ಕಿಂತ ಗಿಡ್ಡ ಇದ್ದರೆ ಮೂರು ಹಂತದ ಡ್ಯುಯಲ್. ಗಂಡ ಹೆಂಡತಿ ಪಾಳಿಯಲ್ಲಿ ಒಂದೇ ಮೇಜು ಹಂಚಿಕೊಳ್ಳುವ ಮನೆಗೂ ಅದೇ, ನಾಲ್ಕು ಮೆಮೊರಿ ಗುಂಡಿ ಇರುವಂಥದ್ದು: 1, 2 ಒಬ್ಬರ ಕೂರುವ-ನಿಲ್ಲುವ ಎತ್ತರ, 3, 4 ಇನ್ನೊಬ್ಬರದು. ರೀಸೆಟ್ ಮಾಡಿದ ಮೇಲೆ ನಾಲ್ಕನ್ನೂ ಒಮ್ಮೆ ಒತ್ತಿ, ಟೇಪ್ ಹಿಡಿದು ನೋಡಿ. ಕೆಲವು ಮಾದರಿಗಳಲ್ಲಿ ಅವು ಅಳಿಸಿಹೋಗಿರುತ್ತವೆ.