ಟರ್ಬೊ ಪೋಲೋಗೆ ರೀಮ್ಯಾಪ್: ಮೊದಲು ಪೆಟ್ರೋಲ್ ನೋಡಿ, ಆಮೇಲೆ ಪವರ್

ಕಾರು ಫೋಕ್ಸ್‌ವ್ಯಾಗನ್ ಪೋಲೋ 1.0 ಟಿಎಸ್‌ಐ, 6 ಗೇರಿನ ಮ್ಯಾನ್ಯುಯಲ್. ಮಾಡಿಸಿದ್ದು ಸ್ಟೇಜ್ 1 ಇಸಿಯು ರೀಮ್ಯಾಪ್, ಅಂದರೆ ಬೇರೆ ಭಾಗ ಬದಲಿಸದೆ ಎಂಜಿನ್ ನಡೆಸುವ ಕಂಪ್ಯೂಟರ್‌ನ (ಇಸಿಯು) ಸಾಫ್ಟ್‌ವೇರ್ ಸೆಟ್ಟಿಂಗ್‌ಗಳನ್ನು (ಮ್ಯಾಪ್) ಮಾತ್ರ ತಿದ್ದುವುದು. ವಾರವೆಲ್ಲ ಮೈಸೂರು–ಮಂಡ್ಯ ಓಡಾಟ, ರಜೆ ಸಿಕ್ಕಾಗ ಮಡಿಕೇರಿ ಕಡೆ. ರೀಮ್ಯಾಪ್ ಆಗಿ ಎರಡು ವರ್ಷ ದಾಟಿದೆ, ನನಗೆ ಪೂರ್ತಿ ತೃಪ್ತಿ ಇದೆ. ಟರ್ಬೊ ಕಾರಿಗೆ ಏನಾದರೂ ಮಾಡಿಸಬೇಕು ಅಂತಿರುವವರಿಗೆ ಉಪಯೋಗ ಆಗಲಿ ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಈ ಎಂಜಿನ್ 999 ಸಿಸಿ, ಮೂರು ಸಿಲಿಂಡರ್. ಕಂಪನಿ ಲೆಕ್ಕ ಪವರ್ 110 ಪಿಎಸ್, ಟಾರ್ಕ್ (ತಿರುಗಿಸುವ ಬಲ) 175 ಎನ್‌ಎಂ. ಟರ್ಬೊ ಎಷ್ಟು ಗಾಳಿ ತಳ್ಳಬೇಕು ಅನ್ನುವುದನ್ನು ಇಸಿಯು ತೀರ್ಮಾನಿಸುತ್ತದೆ. ಹಾಗಾಗಿ ಒಂದು ಬೋಲ್ಟ್ ಕೂಡ ಬಿಚ್ಚದೆ ಸಾಫ್ಟ್‌ವೇರ್‌ನಲ್ಲೇ ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಏರಿಸಬಹುದು. ಟರ್ಬೊ ಇಲ್ಲದ ಕಾರಿಗೆ ಇದೇ ಕೆಲಸ ಮಾಡಿಸಿದರೆ ದುಡ್ಡಿಗೆ ತಕ್ಕ ವ್ಯತ್ಯಾಸ ಕಾಣುವುದಿಲ್ಲ.

ನನ್ನ ಮುಂದೆ ಮೂರು ದಾರಿ ಇದ್ದವು. ಬೇರೆಯದೇ ಇಸಿಯು ಕೂರಿಸುವುದನ್ನು ಮೊದಲೇ ಬಿಟ್ಟೆ. ಅದು ರೇಸ್ ಕಾರಿಗೆ ಸರಿ. ದಿನಬಳಕೆಯ ಕಾರಲ್ಲಿ ಇಮ್ಮೊಬಿಲೈಸರ್, ಎಬಿಎಸ್, ಮೀಟರ್ ಬೋರ್ಡ್ ಎಲ್ಲವೂ ಇಸಿಯು ಜೊತೆ ಮಾತಾಡುತ್ತಿರುತ್ತವೆ, ಅದನ್ನು ಕದಲಿಸುವುದು ಸುಮ್ನೆ ತಲೆನೋವು.

ಎರಡನೆಯದು ಟ್ಯೂನಿಂಗ್ ಬಾಕ್ಸ್. ಬೆಲೆ ಕಡಿಮೆ, ಬೇಕಾದಾಗ ಬಿಚ್ಚಿಡಬಹುದು. ಇದೇ ಎಂಜಿನ್ ಇರುವ ಗೆಳೆಯನ ಬಾಕ್ಸ್ ತಂದು ಕೆಲವು ದಿನ ಹಾಕಿಕೊಂಡಿದ್ದೆ. ಪಿಕಪ್ ಜಾಸ್ತಿ ಆಗಿದ್ದು ನಿಜ. ಆದರೆ ಅದು ಕೆಲಸ ಮಾಡುವ ರೀತಿ ನೋಡಿ: ಬೂಸ್ಟ್ ಸೆನ್ಸರ್ ಮತ್ತು ಇಸಿಯು ನಡುವೆ ಕೂತು, ಇರುವುದಕ್ಕಿಂತ ಕಡಿಮೆ ಒತ್ತಡ ತೋರಿಸುತ್ತದೆ. ಇಸಿಯು ಅದನ್ನು ನಂಬಿ ಬೂಸ್ಟ್ ಏರಿಸುತ್ತದೆ. ಒಳಗೆ ನಿಜವಾಗಿ ಎಷ್ಟು ಗಾಳಿ ಹೋಗಿದೆ ಅಂತ ಇಸಿಯುಗೇ ತಿಳಿಯದಿದ್ದರೆ ಇಗ್ನಿಷನ್ ಟೈಮಿಂಗ್ (ಸ್ಪಾರ್ಕ್ ಹೊತ್ತಿಸುವ ಕ್ಷಣ) ಸರಿಯಾಗಿ ಕೂರುವುದು ಹೇಗೆ?

ಇಸಿಯು ಮಾಹಿತಿಯನ್ನು ಫೋನಿಗೆ ಕಳಿಸುವ ಓಬಿಡಿ ಅಡಾಪ್ಟರ್ ಹಾಕಿ ಚಾಮುಂಡಿ ಬೆಟ್ಟ ಹತ್ತುತ್ತಾ ಲಾಗ್ ತೆಗೆದೆ. ಬಿಸಿಲಿನ ಮಧ್ಯಾಹ್ನ, ಪಕ್ಕದಲ್ಲಿ ತಮ್ಮ ಫೋನ್ ಹಿಡಿದು ಕೂತಿದ್ದ. ತಿರುವು ದಾಟಿ ಎರಡನೇ ಗೇರಲ್ಲಿ ಪೆಡಲ್ ಒತ್ತಿದಾಗಲೆಲ್ಲ ಒಂದು ಸಿಲಿಂಡರ್‌ನ ಟೈಮಿಂಗ್ ನಾಲ್ಕೈದು ಡಿಗ್ರಿ ಹಿಂದಕ್ಕೆ ಬರುತ್ತಿತ್ತು. ನಾಕಿಂಗ್ (ಸಿಲಿಂಡರ್ ಒಳಗೆ ಇಂಧನ ತಾನಾಗಿಯೇ ಸಿಡಿದು ಹೊತ್ತಿಕೊಳ್ಳುವುದು) ಕಂಡು ಇಸಿಯು ಎಂಜಿನ್ ಕಾಪಾಡಿಕೊಳ್ಳುತ್ತಿದೆ ಅಂತ ಅರ್ಥ. ಬಾಕ್ಸ್ ಬಿಚ್ಚಿ ಅದೇ ರಸ್ತೆ ಹತ್ತಿದರೆ ಲಾಗ್‌ನಲ್ಲಿ ಟೈಮಿಂಗ್ ಹಿಂದಕ್ಕೆ ಬಂದ ಅಂಕಿ ಬಹುಪಾಲು ಸೊನ್ನೆಯೇ. ಅವತ್ತೇ ಬಾಕ್ಸ್ ವಾಪಸ್ ಕೊಟ್ಟೆ.

ಉಳಿದ ಮೂರನೇ ದಾರಿ ರೀಮ್ಯಾಪ್. ಅದಕ್ಕೆ ಬೆಂಗಳೂರಿನ ಒಂದು ವರ್ಕ್‌ಶಾಪ್‌ಗೆ ಹೋದೆ, ಅಲ್ಲಿ ಡೈನೋ (ಕಾರಿನ ಪವರ್ ಅಳೆಯುವ ಯಂತ್ರ) ಇತ್ತು. ಟ್ಯೂನ್ ಮಾಡುವ ಹುಡುಗ ಕೇಳಿದ ಮೊದಲ ಪ್ರಶ್ನೆಯೇ ನನಗೆ ಧೈರ್ಯ ಕೊಟ್ಟಿತು: "ಸಾರ್, ದಿನಾ ಯಾವ ಪೆಟ್ರೋಲ್ ಹಾಕಿಸ್ತೀರಾ? ಊರಿಂದ ಆಚೆ ಹೋದ್ರೂ ಅದೇ ಸಿಗುತ್ತಾ?" ಬೇರೆಡೆ ಎಲ್ಲರೂ ಎಷ್ಟು ಪಿಎಸ್ ಬರುತ್ತದೆ ಅಂತಲೇ ಶುರು ಮಾಡಿದ್ದರು.

ಈ ಪ್ರಶ್ನೆಯಲ್ಲೇ ಅರ್ಧ ತೀರ್ಮಾನ ಇದೆ. ಆಕ್ಟೇನ್ ಅಂದರೆ ನಾಕಿಂಗ್ ತಡೆಯುವ ಶಕ್ತಿ, ಅಷ್ಟೇ. ಕಂಪನಿ ಮ್ಯಾಪ್‌ನ ಕಾರಿಗೆ ದುಬಾರಿ ಪೆಟ್ರೋಲ್ ಹಾಕಿದ ಮಾತ್ರಕ್ಕೆ ಪವರ್ ಉಕ್ಕಿ ಬರುವುದಿಲ್ಲ. ಮ್ಯಾಪ್‌ನಲ್ಲಿ ಟೈಮಿಂಗ್ ಮುಂದಕ್ಕೆ ಇಟ್ಟಿದ್ದರೆ ಮಾತ್ರ ಆ ಆಕ್ಟೇನ್ ಕೆಲಸಕ್ಕೆ ಬರುತ್ತದೆ. ಸ್ಪೀಡ್ 97, ಎಕ್ಸ್‌ಪಿ100ನಂಥ ಹೆಚ್ಚು ಆಕ್ಟೇನ್ ಪೆಟ್ರೋಲ್ ನಂಬಿಕೊಂಡು ಮ್ಯಾಪ್ ಮಾಡಿಸಿದರೆ ಕುಶಾಲನಗರದ ಆಚೆ ಬಂಕ್ ಹುಡುಕುತ್ತಾ ಅಲೆಯಬೇಕಾಗುತ್ತದೆ. ಹಾಗಾಗಿ ಎಲ್ಲ ಬಂಕಲ್ಲೂ ಸಿಗುವ ಸಾದಾ ಪೆಟ್ರೋಲ್‌ಗೇ ಮ್ಯಾಪ್ ಬರೆಸಿದೆ. ಸಿಕ್ಕ ಕಡೆ ಎಕ್ಸ್‌ಪಿ95 ಹಾಕಿಸುತ್ತೇನೆ, ಸಿಗದಿದ್ದರೆ ಚಿಂತೆ ಇಲ್ಲ.

ಇನ್ನು ಇ20, ಅಂದರೆ 20% ಎಥನಾಲ್ ಬೆರೆಸಿದ ಪೆಟ್ರೋಲ್. ಕಬ್ಬಿನ ಜಿಲ್ಲೆಯಲ್ಲಿ ದುಡಿಯುವವನಾಗಿ ಎಥನಾಲ್ ಮೇಲೆ ನನಗೆ ಕೋಪ ಇಲ್ಲ, ಕಬ್ಬಿಗೆ ಬೆಲೆ ಸಿಗಬೇಕಲ್ವಾ. ಎಂಜಿನ್ ದೃಷ್ಟಿಯಿಂದ ಅದಕ್ಕೆ ಎರಡು ಮುಖ. ಎಥನಾಲ್‌ನ ಆಕ್ಟೇನ್ 100ಕ್ಕೂ ಮೇಲೆ, ಆವಿಯಾಗುವಾಗ ಸಿಲಿಂಡರ್ ಒಳಗಿನ ಗಾಳಿಯನ್ನು ತಣಿಸುತ್ತದೆ. ಟರ್ಬೊಗೆ ಇದು ಒಳ್ಳೆಯದೇ. ಆದರೆ ಲೀಟರ್‌ಗೆ ಅದರ ಶಕ್ತಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗ ಕಡಿಮೆ. ಒಂದು ಕಿಲೋ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ 9 ಕಿಲೋ ಸಾಕು. ಅಂದರೆ ಅದೇ ಗಾಳಿಗೆ ಇಂಜೆಕ್ಟರ್ ಜಾಸ್ತಿ ಇಂಧನ ಬಿಡಬೇಕು. ಬಂಕ್‌ಗಳಲ್ಲಿ ಇ20 ಬಂದ ಮೇಲೆ ನನ್ನ ಲಾಗ್‌ನಲ್ಲಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಇಂಧನದ ಪ್ರಮಾಣಕ್ಕೆ ಇಸಿಯು ಮಾಡಿಕೊಳ್ಳುವ ತಿದ್ದುಪಡಿ) ಪ್ಲಸ್ ಕಡೆಗೆ ಸರಿಯಿತು, ಮೈಲೇಜೂ ಇಳಿಯಿತು. ಸಿಲಿಂಡರ್ ಒಳಗೇ ನೇರವಾಗಿ ಇಂಧನ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಕಾರಲ್ಲಿ ಹೈ ಪ್ರೆಷರ್ ಪಂಪ್‌ಗೂ ಒಂದು ಮಿತಿ ಇರುತ್ತದೆ. ಪಂಪ್ ಮಿತಿಯ ಅಂಚಿಗೆ ಮ್ಯಾಪ್ ಮಾಡಿಸಿಬಿಟ್ಟಿದ್ದರೆ ಎಥನಾಲ್ ಹೆಚ್ಚಾದ ದಿನ ರೈಲ್ ಪ್ರೆಷರ್ (ಇಂಜೆಕ್ಟರ್‌ಗೆ ಬರುವ ಇಂಧನದ ಒತ್ತಡ) ಕುಸಿಯುತ್ತದೆ, ಗಾಳಿಗೆ ತಕ್ಕಷ್ಟು ಇಂಧನ ಸಿಗದೆ ಮಿಶ್ರಣ ತೆಳುವಾಗುತ್ತದೆ. ಟರ್ಬೊ ಎಂಜಿನ್ ಪಿಸ್ಟನ್ ಸುಟ್ಟುಕೊಳ್ಳುವುದು ಇಂಥ ಹೊತ್ತಲ್ಲೇ. ನನ್ನ ಮ್ಯಾಪ್‌ನಲ್ಲಿ ಇಸಿಯು ಕೇಳಿದ ರೈಲ್ ಒತ್ತಡ, ಸಿಕ್ಕ ಒತ್ತಡ ಎರಡೂ ಕೊನೆಯ ಆರ್‌ಪಿಎಂವರೆಗೆ ಒಂದೇ ಗೆರೆಯಲ್ಲಿ ಹೋಗುತ್ತವೆ. ಡೈನೋ ಕಾಗದದ ದೊಡ್ಡ ಅಂಕಿಗಿಂತ ನನಗೆ ಈ ಗೆರೆ ಮುಖ್ಯ.

ಇನ್ನೊಂದು ಒಳ್ಳೆಯ ಕೆಲಸ: 2000 ಆರ್‌ಪಿಎಂ ಕೆಳಗೆ ಟಾರ್ಕ್ ಹೆಚ್ಚಿಸಲೇ ಇಲ್ಲ. ಚಿಕ್ಕ ಟರ್ಬೊ ಎಂಜಿನ್‌ಗಳನ್ನು ದೊಡ್ಡ ಗೇರಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಜೋರಾಗಿ ಒತ್ತಿದರೆ ಸ್ಪಾರ್ಕ್‌ಗೂ ಮೊದಲೇ ಇಂಧನ ಹೊತ್ತಿಕೊಳ್ಳುವ ಅಪಾಯ ಇದೆ. ಪಿಸ್ಟನ್ ಒಡೆಯಲು ಅದೊಂದೇ ಸಾಕು. ಕೆಳಗೆ ಟಾರ್ಕ್ ಹೆಚ್ಚಿಸದ್ದರಿಂದ ಕ್ಲಚ್ಚೂ ಉಳಿಯುತ್ತದೆ.

ಓಡಿಸಿದಾಗ ಹೇಗಿದೆ? ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿ 100, ಅಲ್ಲಿ ಹೆಚ್ಚಿನ ಪವರ್‌ಗೆ ಕೆಲಸವೇ ಇಲ್ಲ. ಪಾಂಡವಪುರ ರಸ್ತೆಯಲ್ಲಿ ಗೊತ್ತಾಗುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್, ಅಂಚು ಮೀರಿ ಚಾಚಿದ ಗರಿ. ಮೊದಲು ಎರಡನೇ ಗೇರಿಗೆ ಇಳಿಸಿ ಹಿಂದಿಕ್ಕುತ್ತಿದ್ದೆ. ಈಗ ಮೂರರಲ್ಲೇ ಸರಾಗವಾಗಿ ಮುಗಿಯುತ್ತದೆ, ಎದುರು ಪಥದಲ್ಲಿ ಇರುವ ಹೊತ್ತು ಕಡಿಮೆ. ಮಡಿಕೇರಿ ಏರಿನಲ್ಲೂ ಹಾಗೇ. ಮೈಲೇಜ್ ಮಾತ್ರ ರೀಮ್ಯಾಪ್‌ನಿಂದ ಏರಿಲ್ಲ. ಏರುತ್ತದೆ ಅಂದವರನ್ನು ನಂಬಬೇಡಿ.

ಖರ್ಚು ರೀಮ್ಯಾಪ್‌ಗೇ ನಿಲ್ಲುವುದಿಲ್ಲ. ಸ್ಪಾರ್ಕ್ ಪ್ಲಗ್ ಬೇಗ ಬದಲಿಸುತ್ತೇನೆ. ಆಯಿಲ್ ಮ್ಯಾನ್ಯುಯಲ್‌ನಲ್ಲಿ ಹೇಳಿದ ಗ್ರೇಡ್‌ನದೇ, ಆದರೆ ಅವಧಿಗೆ ಮೊದಲೇ. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸುವ ಯೋಚನೆ ಖಂಡಿತ ಬೇಡ. ಹೊಗೆ ನಾವೇ ಕುಡಿಯುವುದು, ಎಮಿಷನ್ ಟೆಸ್ಟೂ ಪಾಸಾಗಬೇಕು.

ಕಾನೂನಿನ ವಿಷಯವನ್ನೂ ತಿಳಿದಿರಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರ ಬದಲಾಗುವಂತೆ ವಾಹನ ಮಾರ್ಪಡಿಸಬಾರದು, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ವಾರಂಟಿ ಉಳಿಯುತ್ತದೆ ಅಂತ ಲೆಕ್ಕ ಹಾಕಬೇಡಿ, ನಾನು ವಾರಂಟಿ ಮುಗಿದ ಮೇಲೆಯೇ ಮಾಡಿಸಿದ್ದು. ಇನ್ಶೂರೆನ್ಸ್‌ನವರಿಗೆ ಮೊದಲೇ ಬರೆದು ತಿಳಿಸಿ, ಅವರ ಉತ್ತರ ನೋಡಿ ಮುಂದುವರಿಯಿರಿ.

ದುಡ್ಡು ಕೊಡುವ ಮುಂಚೆ ಕಂಪನಿಯ ಮೂಲ ಮ್ಯಾಪ್ ಫೈಲ್‌ನ ಕಾಪಿ, ಮುಂಚಿನ ಮತ್ತು ನಂತರದ ಲಾಗ್ ಎರಡನ್ನೂ ಕೇಳಿ ಪಡೆಯಿರಿ. ಕೊಡಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. ಸರ್ವಿಸ್‌ಗೆ ಬಿಟ್ಟಾಗ ಇಸಿಯು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ರೀಮ್ಯಾಪ್ ಅಳಿಸಿಹೋಗುತ್ತದೆ. ಅಪ್‌ಡೇಟ್ ಮಾಡುವ ಮೊದಲು ಫೋನ್ ಮಾಡಿ ಅಂತ ಜಾಬ್ ಕಾರ್ಡ್‌ನಲ್ಲೇ ಬರೆಸಿ.