ಸಿಗಂದೂರು ಸೇತುವೆ: ಹೊಳೆ ದಾಟಿದ್ದಾಯ್ತು, ಮುಂದಿನ ಬಸ್ ಎಲ್ಲಿ?

ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಸೇತುವೆಯ ಮೇಲಿನ ಸಿಟ್ಟಿಗಲ್ಲ, ಆಚೆ ದಡ ಸೇರಿದ ಮೇಲಿನ ಪಾಡಿಗೆ.

ಸೇತುವೆ ಮಾತ್ರ ಜಬರ್ದಸ್ತ್. 2.44 ಕಿ.ಮೀ. ಉದ್ದ, ನಡುವೆ ಕೇಬಲ್ ಎಳೆದು ನಿಲ್ಲಿಸಿದ ಭಾಗ, ಎರಡೂ ಕಡೆ ಶರಾವತಿ ಹಿನ್ನೀರು. 2025ರ ಜುಲೈ 14ರಂದು ಉದ್ಘಾಟನೆ ಆಯಿತು. ಕಾರಿನಲ್ಲಿ ಹೋದರೆ ಮಾತು ಶುರು ಮಾಡಿ ಮುಗಿಸುವುದರೊಳಗೆ ಕಳಸವಳ್ಳಿ ಬಂದಿರುತ್ತದೆ. ಮಳೆಗಾಲದಲ್ಲಿ ಬೈಕ್‌ನವರು ಸ್ವಲ್ಪ ಹುಷಾರಾಗಿರಿ, ಗಾಳಿ ಜೋರು. ನಡು ಸೇತುವೆಯಲ್ಲಿ ಗಾಡಿ ನಿಲ್ಲಿಸಿ ಸೆಲ್ಫಿ ತೆಗೆಯೋರ ಬಗ್ಗೆ ಏನು ಹೇಳೋದು, ಬಿಡಿ.

ಸೇತುವೆಗೆ ಮೊದಲು ಜನ, ವಾಹನ ಹೊಳೆ ದಾಟಿಸುತ್ತಿದ್ದ ಲಾಂಚ್ ಹೊರಗಿನಿಂದ ಬಂದವರಿಗೆ ಒಂದು ಮಜಾ ಆಗಿತ್ತು. ನೀರು ನೋಡ್ತಾ, ಮಂಡಕ್ಕಿ ತಿಂತಾ ಹೋಗಬಹುದಿತ್ತು. ಕಳಸವಳ್ಳಿ ದಡದ ತುಮರಿ, ಬ್ಯಾಕೋಡು ಕಡೆಯವರಿಗೆ ಅದು ಮಜಾ ಅಲ್ಲ, ಬೇರೆ ಹತ್ತಿರದ ದಾರಿಯೇ ಇರಲಿಲ್ಲ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನೀರು ನಿಂತ ಮೇಲೆ ಸಾಗರ ಪೇಟೆ ಹೊಳೆಯ ಆಚೆಗೆ ಉಳಿಯಿತು. ಸಿಗಂದೂರು ದೇವಸ್ಥಾನದ ಸಂಕ್ರಾಂತಿ ಜಾತ್ರೆಯ ಹೊತ್ತಿಗೆ ಕಾರುಗಳ ಸಾಲು ಎಷ್ಟಿರುತ್ತಿತ್ತು ಅಂದರೆ, ಸೊಸೈಟಿಗೆ ಅಡಿಕೆ ಹಾಕಿ ವಾಪಸ್ ಹೊರಟ ಊರವರೂ ದೇವಸ್ಥಾನಕ್ಕೆ ಬಂದವರ ಹಿಂದೆ ಕಾಯಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸುತ್ತಿರಲಿಲ್ಲ. ಸಂಜೆ ಲಾಂಚ್ ನಿಂತ ಮೇಲೆ ಯಾರಿಗಾದರೂ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಕಾರ್ಗಲ್ ಮೇಲೆ ಸುತ್ತು ಹಾಕಬೇಕಿತ್ತು. ಆ ಕಾಡು ರಸ್ತೆಯಲ್ಲಿ ರಾತ್ರಿ ಜೀಪಿನಲ್ಲಿ ಹೋದವರಿಗೆ ಈ ಸೇತುವೆಯ ಬೆಲೆ ಗೊತ್ತು. ನಾಲ್ಕು ಸ್ಟಾರ್ ಕೊಟ್ಟಿದ್ದು ಅದಕ್ಕೇ, ಕೇಬಲ್ ಚೆಂದ ಇದೆ ಅಂತಲ್ಲ.

ಈಗ ಆ ಒಂದು ಸ್ಟಾರ್ ವಿಷಯ. ಸ್ವಂತ ಗಾಡಿ ಇದ್ದವರಿಗೆ ಎಲ್ಲ ಸಲೀಸು. ಬಸ್ಸಿನಲ್ಲಿ ಬಂದರೆ ದೇವಸ್ಥಾನದವರೆಗೆ ಹೇಗೋ ಆಗುತ್ತದೆ, ಅಲ್ಲಿಂದ ಒಳಗಿನ ಹಳ್ಳಿಗೆ ಹೋಗೋದೇ ಕಷ್ಟ. ನಾನು ಹೋದಾಗ ಮಧ್ಯಾಹ್ನ ಕ್ರಾಸಿನಲ್ಲಿ ಕಾದು ಕಾದು ಸಾಕಾಯ್ತು. ಪಕ್ಕದಲ್ಲಿ ಅಕ್ಕಿ ಚೀಲ ಇಟ್ಟುಕೊಂಡು ಕೂತಿದ್ದ ಅಜ್ಜಿಯೊಬ್ಬರು ಗಡಿಯಾರವನ್ನೇ ನೋಡಲಿಲ್ಲ. ಯಾವುದೋ ಪಿಕಪ್ ಬಂತು, ಕೈ ಅಡ್ಡ ಹಿಡಿದರು, ಚೀಲ ಹಿಂದೆ ಎಸೆದು ಮುಂದೆ ಹತ್ತಿ ಕೂತರು. ಅಲ್ಲಿ ನಿಜವಾದ ಬಸ್ ಅದೇ ಅಂತ ಕಾಣುತ್ತದೆ.

ಬಸ್ ಯಾಕಿಲ್ಲ ಅಂದರೆ "ಜನ ಇಲ್ಲ, ಡೀಸೆಲ್ ಕಾಸೂ ಹುಟ್ಟಲ್ಲ" ಅನ್ನುವುದೇ ಉತ್ತರ. ಲೆಕ್ಕ ಪೂರ್ತಿ ಸುಳ್ಳೇನಲ್ಲ. ಮಲೆನಾಡಿನ ಹಳ್ಳಿ ಬಯಲುಸೀಮೆ ಥರ ಒತ್ತೊತ್ತಾಗಿ ಇರುವುದಿಲ್ಲ. ಗುಡ್ಡದ ಈಚೆ ಒಂದು ಮನೆ, ತೋಟ ದಾಟಿ ಇನ್ನೊಂದು. ಜನಗಣತಿ ಪುಸ್ತಕದಲ್ಲಿ ಒಂದೇ ಊರು, ಆದರೆ ಒಂದು ಸ್ಟಾಪಿಗೆ ಬಂದು ನಿಲ್ಲೋರು ನಾಲ್ಕೇ ಜನ. ಆದರೆ ಬಸ್ ಇಲ್ಲದ ಊರಿನಲ್ಲಿ ಹುಡುಗರು ಯಾಕೆ ಉಳಿಯುತ್ತಾರೆ? ಕಾಲೇಜಿಗೆ ಅಂತ ಸಾಗರಕ್ಕೆ ಹೋದವರು ಅಲ್ಲಿಂದ ಶಿವಮೊಗ್ಗ, ಬೆಂಗಳೂರು ಅಂತ ಹೊರಟೇ ಹೋಗುತ್ತಾರೆ. ಆಮೇಲೆ "ನೋಡಿ, ಜನ ಇನ್ನೂ ಕಡಿಮೆ ಆದರು" ಅಂತ ಇದ್ದ ಟ್ರಿಪ್ಪನ್ನೂ ಕಟ್ ಮಾಡುವುದು, ಇದೆಂಥ ನ್ಯಾಯ? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ ಉಚಿತ. ಒಳ್ಳೆಯದೇ. ಆದರೆ ಸರ್ಕಾರಿ ಬಸ್ಸೇ ಬರದ ಹಳ್ಳಿಯವರು ಆಧಾರ್ ಕಾರ್ಡ್ ಯಾರಿಗೆ ತೋರಿಸಬೇಕು?

ದೊಡ್ಡ ಬಸ್ ಬೇಡ. ಬೆಳಿಗ್ಗೆ ಶಾಲೆ ಹೊತ್ತಿಗೆ ಒಂದು, ಸಂಜೆ ಪೇಟೆಯಿಂದ ವಾಪಸ್ ಒಂದು ಮಿನಿ ಬಸ್ ಒಳಗಿನ ರಸ್ತೆಗೆ ಬಿಟ್ಟರೆ ಆ ಐದನೇ ಸ್ಟಾರ್ ಕೊಡೋದಕ್ಕೆ ನನ್ನದೇನೂ ತಕರಾರಿಲ್ಲ. ಅಲ್ಲಿಯವರೆಗೆ ಒಳಗಿನ ಊರಿಗೆ ಹೋಗೋರು ನೆಂಟರಿಗೆ ಮೊದಲೇ ಫೋನ್ ಮಾಡಿ ಬೈಕ್ ತರಿಸಿಕೊಳ್ಳಿ. ಸೇತುವೆ ದಾಟಿದ ಮೇಲೆ ಮಾಡ್ತೀನಿ ಅಂದುಕೊಳ್ಳಬೇಡಿ, ಒಳಗೆ ಹೋದಂತೆ ನೆಟ್‌ವರ್ಕ್ ಕೈ ಕೊಡುತ್ತದೆ.