ಡಿಸ್ಕ್ ನಮ್ಮದು, ಫೈಲ್ ಯಾರದು? ಲಿನಕ್ಸ್‌ನಲ್ಲಿ ಸಿಡಿ-ಡಿವಿಡಿ ಅನುಮತಿಗಳ ಹೋಲಿಕೆ

ಕೊಡಗಿನ ಮನೆಗಳ ಬೀರುವಿನಲ್ಲಿ ಸಿಡಿ, ಡಿವಿಡಿಗಳ ಕಟ್ಟು ಇನ್ನೂ ಇದೆ. ಮದುವೆ ವಿಡಿಯೋ, ಪುತ್ತರಿ ಕೋಲಾಟದ ಫೋಟೋ, ಒಕ್ಕದ (ಮನೆತನದ) ಹುಡುಗರು ಆಡಿದ ಹಾಕಿ ಪಂದ್ಯ, ಜಮ್ಮಾ ಬಾಣೆ ಜಮೀನಿನ ಕಾಗದಗಳ ಸ್ಕ್ಯಾನ್, ಎಲ್ಲವೂ ಅದರಲ್ಲೇ. ಮಳೆಗಾಲ ಶುರುವಾದರೆ ಇಲ್ಲಿ ಬಟ್ಟೆಗೂ ಬೂಷ್ಟು, ಡಿಸ್ಕಿಗೂ ಬೂಷ್ಟು. ಅದಕ್ಕೇ ನೆಂಟರ, ನೆರೆಯವರ ಡಿಸ್ಕ್‌ಗಳನ್ನು ಹಾರ್ಡ್ ಡಿಸ್ಕಿಗೆ ಇಳಿಸಿ, ಆಮೇಲೆ ಹೊಸ ಡಿಸ್ಕಿಗೆ ಬರೆದು ಕೊಡುವ ಕೆಲಸ ಮಾಡುತ್ತೇನೆ. ನನ್ನದು ಲಿನಕ್ಸ್ ಯಂತ್ರ. ಇದರಲ್ಲಿ ಪದೇ ಪದೇ ಎದುರಾಗುವ ತೊಡಕು ಅಂದರೆ ಫೈಲ್ ಅನುಮತಿ ಮತ್ತು ಒಡೆತನ. ಅದಕ್ಕೆ ಇರುವ ಬೇರೆ ಬೇರೆ ದಾರಿಗಳನ್ನೆಲ್ಲ ಹಿಡಿದು ನೋಡಿದ್ದೇನೆ. ಯಾವುದು ಎಲ್ಲಿಗೆ ಆಗ್ತದೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಗೊತ್ತಿರಲಿ. ಮೌಂಟ್ ಆದ, ಅಂದರೆ ಯಂತ್ರಕ್ಕೆ ಜೋಡಿಸಿ ತೆರೆದ ಸಿಡಿಯ ಮೇಲೆ ಅನುಮತಿ ಬದಲಿಸುವ ಚ್‌ಮೋಡ್, ಒಡೆಯನನ್ನು ಬದಲಿಸುವ ಚ್‌ಓನ್ ಎಂಬ ಕಮಾಂಡ್‌ಗಳು ನಡೆಯುವುದಿಲ್ಲ. ಎಲ್ಲ ಅಧಿಕಾರ ಇರುವ ರೂಟ್ ಯೂಸರ್ ಆಗಿ ಹೊಡೆದರೂ ‘ರೀಡ್-ಓನ್ಲಿ ಫೈಲ್ ಸಿಸ್ಟಮ್’ ಅಂತಲೇ ಉತ್ತರ. ಡಿಸ್ಕಿನ ಅನುಮತಿ ತೀರ್ಮಾನ ಆಗುವುದು ಬರೆಯುವಾಗ, ಇಲ್ಲವೇ ಮೌಂಟ್ ಮಾಡುವಾಗ. ಉಳಿದದ್ದೆಲ್ಲ ಕಾಪಿಯ ಮೇಲೆ ಮಾಡುವ ಕೆಲಸ.

ಡಿಸ್ಕ್ ಯಾವ ಜಾತಿಯದು ಅನ್ನುವುದೂ ಮುಖ್ಯ. ಐಎಸ್‌ಓ 9660 ಅನ್ನುವುದು ಸಿಡಿಯಲ್ಲಿ ಫೈಲ್‌ಗಳನ್ನು ಜೋಡಿಸುವ 1988ರ ಮಾನದಂಡ. ಬರೀ ಅದರಲ್ಲೇ ಬರೆದ ಡಿಸ್ಕಿನಲ್ಲಿ ಯುನಿಕ್ಸ್‌ಗೆ ಬೇಕಾದ ಒಡೆಯ, ಗುಂಪು, ಅನುಮತಿ ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೆ ಮೈಕ್ರೋಸಾಫ್ಟ್ ತಂದ ಜೋಲಿಯೆಟ್ ಎಂಬ ಸೇರ್ಪಡೆ ಉದ್ದ ಹೆಸರುಗಳನ್ನು ಕೊಟ್ಟಿತು, ಅನುಮತಿ ಕೊಡಲಿಲ್ಲ. ಅದನ್ನು ಕೊಡುವುದು ರಾಕ್ ರಿಡ್ಜ್ ಎಂಬ ಇನ್ನೊಂದು ಸೇರ್ಪಡೆ. ರಾಕ್ ರಿಡ್ಜ್ ಇಲ್ಲದಿದ್ದರೆ ಲಿನಕ್ಸ್ ಎಲ್ಲ ಫೈಲನ್ನೂ ರೂಟ್ ಹೆಸರಿಗೆ ಹಾಕಿ, ಎಲ್ಲರಿಗೂ ಓದುವ ಮತ್ತು ನಡೆಸುವ ಅನುಮತಿ ಕೊಡುತ್ತದೆ. ಅಂದರೆ 0555. ಸ್ಟುಡಿಯೋಗಳು ವಿಂಡೋಸ್‌ನಲ್ಲಿ ಬರೆದ ಮದುವೆ ಡಿಸ್ಕ್‌ಗಳು ಹೆಚ್ಚಾಗಿ ಈ ಗುಂಪಿಗೆ ಸೇರುತ್ತವೆ. ಓದಲಿಕ್ಕೆ ತೊಂದರೆ ಇಲ್ಲ, ಆದರೆ ಫೋಟೋಗಳೂ ಪ್ರೋಗ್ರಾಮ್‌ಗಳ ಹಾಗೆ ನಡೆಸಬಹುದಾದ ಫೈಲ್ ಆಗಿ ಕಾಣುತ್ತವೆ.

ರಾಕ್ ರಿಡ್ಜ್ ಇದ್ದಾಗಲೇ ನಿಜವಾದ ತಲೆನೋವು. ಒಂದು ಉದಾಹರಣೆ ಕೊಡುತ್ತೇನೆ. ಸೋಮವಾರಪೇಟೆ ಕಡೆಯ ಮನೆಯೊಂದರ ಆಸ್ತಿ ಕಾಗದಗಳ ಡಿಸ್ಕ್ ಅದು. ಬೇರೆ ಊರಿನಲ್ಲಿ, ಬೇರೆ ಲಿನಕ್ಸ್ ಯಂತ್ರದಲ್ಲಿ ಬರೆದದ್ದು. “ಹೆಸ್ರೆಲ್ಲ ಕಾಣ್ತದೆ ತಮ್ಮಾ, ತೆರೆಯೋಕೆ ಹೋದ್ರೆ ಬಿಡ್ತಿಲ್ಲ” ಅಂತ ಅದನ್ನು ತಂದ ಅಣ್ಣ ಹೇಳಿದರು. ಪಟ್ಟಿ ತೆಗೆದು ನೋಡಿದರೆ ಪ್ರತಿ ಫೈಲಿಗೂ 0600, ಅಂದರೆ ಓದು-ಬರಹ ಒಡೆಯನಿಗೆ ಮಾತ್ರ. ಒಡೆಯನ ಹೆಸರಿರಬೇಕಾದ ಜಾಗದಲ್ಲಿ 1002 ಎಂಬ ಬರೀ ಅಂಕಿ. ಬರೆದ ಯಂತ್ರದಲ್ಲಿ ಆ ನಂಬರಿನ ಯೂಸರ್ ಇದ್ದ, ನನ್ನದರಲ್ಲಿ ಇಲ್ಲ. ಅನುಮತಿ ಇರುವುದು ಆ ನಂಬರಿಗೆ ಮಾತ್ರ. ಕಾಗದದ ವಾರಸುದಾರರೇ ಎದುರಿಗೆ ಕೂತಿದ್ದರೂ ಯಂತ್ರ ನೋಡುವುದು ನಂಬರನ್ನು.

ಇಂಥ ಕಡೆ ಬಹಳ ಜನ ಮಾಡುವುದು ಸುಡೊ, ಅಂದರೆ ರೂಟ್ ಅಧಿಕಾರದಲ್ಲಿ ಕಮಾಂಡ್ ಓಡಿಸುವುದು. ರೂಟ್‌ಗೆ ಅನುಮತಿ ಬಿಟ್‌ಗಳು ಅಡ್ಡ ಬರುವುದಿಲ್ಲ, ಓದಿ ಕಾಪಿ ಮಾಡಿಕೊಳ್ಳುತ್ತದೆ. ಆದರೆ ಕಾಪಿಯಾದ ಫೈಲ್ ರೂಟ್ ಹೆಸರಿನಲ್ಲಿ ಕೂರುತ್ತದೆ. ಮತ್ತೆ ಚ್‌ಓನ್ ಹೊಡೆಯಬೇಕು. ಇದರಲ್ಲೇ ಸಿಪಿ ಎಂಬ ಕಾಪಿ ಕಮಾಂಡಿಗೆ ‘-ಎ’ ಸೇರಿಸಿದರೆ ಇನ್ನೂ ಕಷ್ಟ: 1002 ಅನ್ನುವ ಒಡೆತನ ಹಾಗೇ ಹಾರ್ಡ್ ಡಿಸ್ಕಿಗೆ ಇಳಿಯುತ್ತದೆ. ನಾಳೆ ಆ ಯಂತ್ರದಲ್ಲಿ ಹೊಸ ಅಕೌಂಟ್ ಮಾಡಿದಾಗ ಅದಕ್ಕೆ 1002 ಸಿಕ್ಕರೆ, ಆ ಹೊಸಬರೇ ಈ ಕಾಗದಗಳಿಗೆಲ್ಲ ಒಡೆಯರು. ಆಸ್ತಿ ಪತ್ರದ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಒಂದೆರಡು ಫೈಲ್ ನೋಡಿ ಮುಚ್ಚುವುದಾದರೆ ಸುಡೊ ಸಾಕು, ಅದಕ್ಕಿಂತ ಜಾಸ್ತಿ ಕೆಲಸಕ್ಕೆ ನಾನು ಬಳಸುವುದಿಲ್ಲ.

ಡೆಸ್ಕ್‌ಟಾಪ್ ತಾನಾಗಿಯೇ ಮೌಂಟ್ ಮಾಡುವುದು ಎರಡನೇ ದಾರಿ. ಡಿಸ್ಕ್ ಹಾಕಿ ಕ್ಲಿಕ್ ಮಾಡಿದರೆ ಯುಡಿಸ್ಕ್ಸ್ ಎಂಬ ಸೇವೆ, ಲಾಗಿನ್ ಆದವರ ನಂಬರನ್ನೇ ಒಡೆಯನಾಗಿ ಕೊಟ್ಟು ಮೌಂಟ್ ಮಾಡುತ್ತದೆ. ಮೇಲೆ ಹೇಳಿದ 0600 ಡಿಸ್ಕ್ ಇದರಲ್ಲಿ ಸಲೀಸಾಗಿ ತೆರೆದುಕೊಂಡಿತು, ಯಾಕೆಂದರೆ ಈಗ ಒಡೆಯ ನಾನೇ. ಮನೆಮಂದಿಗೆ ಹೇಳಿಕೊಡಲು ಇದಕ್ಕಿಂತ ಸುಲಭದ್ದು ಇಲ್ಲ. ಕೊರತೆ ಒಂದಿದೆ. ಇದು ಲಾಗಿನ್ ಆದ ಒಬ್ಬರಿಗೆ ಮಾತ್ರ. ಅದೇ ಯಂತ್ರದಲ್ಲಿ ಬೇರೆ ಅಕೌಂಟ್ ಇರುವ ಮಗಳಿಗೋ, ರಾತ್ರಿ ತಾನಾಗಿ ಓಡುವ ಬ್ಯಾಕಪ್ ಸ್ಕ್ರಿಪ್ಟಿಗೋ ಆ ಫೋಲ್ಡರ್ ಸಿಗುವುದಿಲ್ಲ.

ನನಗೆ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಕೈಯಾರೆ ಮೌಂಟ್ ಆಯ್ಕೆಗಳನ್ನು ಕೊಡುವುದು. ‘ಯುಐಡಿ=1000, ಜಿಐಡಿ=1000’ (ಯೂಸರ್ ನಂಬರ್, ಗುಂಪಿನ ನಂಬರ್) ಅಂತ ಕೊಟ್ಟರೆ ರಾಕ್ ರಿಡ್ಜ್ ಏನೇ ಹೇಳಲಿ, ಒಡೆತನ ಆ ನಂಬರಿಗೆ ಬರುತ್ತದೆ. ಫೈಲಿನ ಅನುಮತಿಗೆ ‘ಮೋಡ್=0444’ (ಎಲ್ಲರಿಗೂ ಓದುವುದು ಮಾತ್ರ), ಫೋಲ್ಡರಿಗೆ ‘ಡಿಮೋಡ್=0555’. ಇಷ್ಟು ಕೊಟ್ಟರೆ ಸ್ಟುಡಿಯೋ ಡಿಸ್ಕಿನ ಫೋಟೋಗಳಿಗೆ ಅಂಟಿದ ನಡೆಸುವ ಬಿಟ್ ಹೋಗುತ್ತದೆ. ಆದರೆ ರಾಕ್ ರಿಡ್ಜ್ ಇರುವ ಡಿಸ್ಕಿಗೆ ಮೋಡ್ ಬರೀ ಬರೆದರೆ ಏನೂ ಆಗುವುದಿಲ್ಲ. ಜೊತೆಗೆ ‘ಓವರ್‌ರೈಡ್‌ರಾಕ್‌ಪರ್ಮ್’ ಎಂಬ ಉದ್ದನೆಯ ಆಯ್ಕೆಯನ್ನೂ ಕೊಡಬೇಕು. ಹೆಸರೇ ಹೇಳುವ ಹಾಗೆ, ಅದು ರಾಕ್ ರಿಡ್ಜ್‌ನ ಅನುಮತಿಯನ್ನು ಬದಿಗಿಟ್ಟು ನಿಮ್ಮದನ್ನು ಹಾಕುತ್ತದೆ. ಮೋಡ್ ಕೆಲಸ ಮಾಡುತ್ತಿಲ್ಲ ಎಂದು ಕೈಬಿಟ್ಟವರು ಇದನ್ನೊಮ್ಮೆ ಹಾಕಿ ನೋಡಿ.

ಅಂಕಿಯ ಮುಂದಿನ ಸೊನ್ನೆಯನ್ನೂ ಬಿಡಬೇಡಿ. ಸೊನ್ನೆ ಇದ್ದರೆ ಮಾತ್ರ ಅದು ಎಂಟರ ಲೆಕ್ಕ. ಸುಮ್ನೆ 444 ಅಂತ ಕೊಟ್ಟರೆ ನಾವು ದಿನಾ ಎಣಿಸುವ ಹತ್ತರ ಲೆಕ್ಕವಾಗಿ, 0674 ಆಗಿಬಿಡುತ್ತದೆ. ಆಗ ಒಡೆಯನಿಗೆ ಒಂದು, ಗುಂಪಿಗೆ ಇನ್ನೊಂದು, ಅರ್ಥವೇ ಇಲ್ಲದ ಅನುಮತಿ ಕಾಣುತ್ತದೆ. ಚ್‌ಮೋಡ್‌ಗೆ ಸೊನ್ನೆ ಬೇಡ, ಇದಕ್ಕೆ ಬೇಕು.

ಡಿವಿಡಿ, ಬ್ಲೂ-ರೇಗಳಲ್ಲಿ ಯುಡಿಎಫ್ ಎಂಬ ಬೇರೆ ಜಾತಿಯ ಫೈಲ್ ಸಿಸ್ಟಮ್ ಇರಬಹುದು. ಅದಕ್ಕೂ ಯುಐಡಿ, ಜಿಐಡಿ, ಮೋಡ್, ಡಿಮೋಡ್ ಇವೆ, ಬೇಡದ ಅನುಮತಿಯನ್ನು ಕಳೆಯುವ ಯುಮಾಸ್ಕ್ ಕೂಡ ಇದೆ. ಅಲ್ಲಿ ಓವರ್‌ರೈಡ್ ಆಯ್ಕೆಯ ಗೊಡವೆ ಇಲ್ಲ, ಮೋಡ್ ನೇರವಾಗಿ ಕೂರುತ್ತದೆ.

ದಿನಾ ಇದನ್ನೆಲ್ಲ ಟೈಪ್ ಮಾಡುವುದು ಬೇಡ ಅಂದರೆ ಮೌಂಟ್ ಆಯ್ಕೆಗಳನ್ನು ಇಡುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಒಂದು ಸಾಲು ಬರೆದಿಡಬಹುದು. ‘ಯೂಸರ್, ನೋಆಟೊ, ಆರ್‌ಓ’ ಅಂತ ಸೇರಿಸಿದರೆ ರೂಟ್ ಇಲ್ಲದೆಯೂ ಮೌಂಟ್ ಮಾಡಬಹುದು. ‘ಯೂಸರ್’ ಅಂದ ಕೂಡಲೇ ಡಿಸ್ಕಿನ ಪ್ರೋಗ್ರಾಮ್‌ಗಳು ನಡೆಯದಂತೆ, ಹೆಚ್ಚಿನ ಅಧಿಕಾರ ಪಡೆಯದಂತೆ ತಡೆಯುವ ನೋಎಕ್ಸೆಕ್, ನೋಸೂಯಿಡ್, ನೋಡೆವ್ ಕೂಡ ತಾವಾಗಿಯೇ ಸೇರುತ್ತವೆ. ಊರವರ ಡಿಸ್ಕ್ ನಮ್ಮ ಯಂತ್ರಕ್ಕೆ ಹಾಕುವಾಗ ಇದು ಒಳ್ಳೆಯದೇ, ಅದರಲ್ಲಿ ಏನಿದೆಯೋ ಯಾರಿಗೆ ಗೊತ್ತು?

‘ನೋರಾಕ್’ ಅನ್ನುವ ಆಯ್ಕೆಯೂ ಇದೆ, ರಾಕ್ ರಿಡ್ಜ್ ಇಲ್ಲವೆಂದೇ ಭಾವಿಸಿ ಮೌಂಟ್ ಮಾಡುತ್ತದೆ. ಅನುಮತಿ ತೊಡಕು ಒಂದೇ ಏಟಿಗೆ ಮಾಯ. ಆದರೆ ಕನ್ನಡದಲ್ಲಿ ಹೆಸರಿಟ್ಟವರಿಗೆ ಇದು ಆಗುವುದಿಲ್ಲ. ರಾಕ್ ರಿಡ್ಜ್ ಹೆಸರನ್ನು ಯುಟಿಎಫ್-8 ಬೈಟುಗಳಾಗಿ ಹಾಗೇ ಇಡುತ್ತದೆ. ರಾಕ್ ರಿಡ್ಜ್ ಬಿಟ್ಟರೆ, ಡಿಸ್ಕಿನಲ್ಲಿ ಜೋಲಿಯೆಟ್ ಇದ್ದರೆ ಮಾತ್ರ ಕನ್ನಡ ಹೆಸರು ಉಳಿಯುತ್ತದೆ, ಅದಕ್ಕೂ ‘ಐಓಚಾರ್‌ಸೆಟ್=ಯುಟಿಎಫ್8’ ಬೇಕಾಗಬಹುದು. ಎರಡೂ ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಅಡಿಗೆರೆಗಳ ಸಾಲು. ಯಾವ ಫೋಟೋ ಯಾವ ಮನೆಯದು ಅಂತ ಮತ್ತೆ ಕೂತು ಹುಡುಕಬೇಕು. ಅನುಮತಿಗಾಗಿ ಹೆಸರು ಕಳೆದುಕೊಳ್ಳುವುದು ನನಗಂತೂ ಒಪ್ಪಿಗೆ ಇಲ್ಲ.

ಡಿಸ್ಕಿನ ಮೇಲೆ ಬರೆಯಬಹುದಾದ ಪದರ ಹಾಕುವ ಓವರ್‌ಲೇಯನ್ನೂ ನೋಡಿದೆ. ಮನೆಯ ಹಳೇ ಫೋಟೋದ ಮೇಲೆ ಗಾಜು ಇಟ್ಟು, ಗಾಜಿನ ಮೇಲೆ ಬರೆದ ಹಾಗೆ ಅದು. ಚ್‌ಮೋಡ್ ನಡೆಯುತ್ತದೆ, ತಿದ್ದಬಹುದು, ಡಿಸ್ಕ್ ಹಾಗೇ ಇರುತ್ತದೆ. ತೊಂದರೆ ಏನೆಂದರೆ, ಒಂದು ಫೈಲಿನ ಅನುಮತಿ ಬದಲಿಸಿದರೂ ಆ ಇಡೀ ಫೈಲ್ ಮೇಲಿನ ಪದರಕ್ಕೆ ಕಾಪಿ ಆಗುತ್ತದೆ. ಎಲ್ಲ ಫೈಲಿಗೂ ಚ್‌ಓನ್ ಹೊಡೆದರೆ ಡಿವಿಡಿಯ 4.7 ಜಿಬಿ ಅಷ್ಟೂ ನಿಧಾನವಾಗಿ ಇಳಿಯುತ್ತದೆ. ಕರ್ನಲ್ 4.19ರಿಂದ ಇರುವ ‘ಮೆಟಾಕಾಪಿ’ ಆಯ್ಕೆ ಇದನ್ನು ತಪ್ಪಿಸುತ್ತದೆ, ಆದರೆ ಆ ಪದರ ಮೂಲ ಡಿಸ್ಕ್ ಇಲ್ಲದೆ ಉಪಯೋಗಕ್ಕಿಲ್ಲ. ಬೂಷ್ಟು ಹಿಡಿಯುವ ಡಿಸ್ಕನ್ನೇ ನೆಚ್ಚಿ ಕೂರುವುದು ಬೇಡ ಅಂತಲೇ ಅಲ್ವಾ ನಾವು ಈ ಕೆಲಸಕ್ಕೆ ಕೈ ಹಾಕಿದ್ದು? ಬೈಂಡ್‌ಎಫ್‌ಎಸ್ ಎಂಬ ಪ್ರೋಗ್ರಾಮ್ ಇದಕ್ಕಿಂತ ಹಗುರ, ಅನುಮತಿಯನ್ನು ಬೇರೆಯಾಗಿ ತೋರಿಸುತ್ತದೆ ಅಷ್ಟೇ. ಮೌಂಟ್ ಆಯ್ಕೆಗಳಲ್ಲೇ ಆಗುವ ಕೆಲಸಕ್ಕೆ ಇನ್ನೊಂದು ಪ್ಯಾಕೇಜ್ ಯಾಕೆ?

ಉಳಿದದ್ದು ಕಾಪಿ. ಡಿಸ್ಕಿನಿಂದ ಮಾಮೂಲಿ ಕಾಪಿ ಮಾಡಿದರೆ ಓದಲು-ಮಾತ್ರ ಅನ್ನುವ ಗುಣವೂ ಜೊತೆಗೆ ಬರುತ್ತದೆ. ಫೋಲ್ಡರಿಗೆ ಬರೆಯುವ ಅನುಮತಿ ಇಲ್ಲದ ಕಾರಣ ಒಳಗಿನ ಫೈಲ್ ಅಳಿಸಲಿಕ್ಕೂ ಆಗುವುದಿಲ್ಲ. ‘ಹಾರ್ಡ್ ಡಿಸ್ಕಿಗೆ ಹಾಕಿದ ಮೇಲೂ ಯಾಕೆ ಡಿಲೀಟ್ ಆಗ್ತಿಲ್ಲ’ ಎಂಬ ಪ್ರಶ್ನೆ ಬರುವುದು ಇಲ್ಲಿಂದಲೇ. ಆಮೇಲೆ ‘ಯು+ಆರ್‌ಡಬ್ಲ್ಯು, ದೊಡ್ಡ ಎಕ್ಸ್’ (ಒಡೆಯನಿಗೆ ಓದು-ಬರಹ; ನಡೆಸುವ ಬಿಟ್ ಫೋಲ್ಡರಿಗೆ ಮತ್ತು ಅದು ಮೊದಲೇ ಇದ್ದ ಫೈಲಿಗೆ ಮಾತ್ರ) ಅಂತ ಚ್‌ಮೋಡ್ ಹೊಡೆಯುವುದು ಹಳೇ ಪದ್ಧತಿ. ಆದರೆ 0555 ಬಂದ ಫೋಟೋಗಳಲ್ಲಿ ಆ ದೊಡ್ಡ ಎಕ್ಸ್ ಏನೂ ಸ್ವಚ್ಛ ಮಾಡುವುದಿಲ್ಲ, ನಡೆಸುವ ಬಿಟ್ ಮೊದಲೇ ಇದೆಯಲ್ಲ. ನನಗೆ ಹಿಡಿಸಿದ್ದು ಆರ್‌ಸಿಂಕ್ ಎಂಬ ಕಾಪಿ ಕಮಾಂಡ್: ‘-ಆರ್‌ಟಿ’ ಜೊತೆ ‘--ಚ್‌ಮೋಡ್=ಡಿ755,ಎಫ್644’. ತಾರೀಕು ಉಳಿಯುತ್ತದೆ, ಫೋಲ್ಡರಿಗೆ ಒಂದು ಅನುಮತಿ, ಫೈಲಿಗೆ ಇನ್ನೊಂದು, ಒಡೆಯ ಕಾಪಿ ಮಾಡಿದವರು. ಕರೆಂಟ್ ಹೋಗಿ ಅರ್ಧಕ್ಕೆ ನಿಂತರೆ ಮತ್ತೆ ಅದೇ ಕಮಾಂಡ್ ಕೊಟ್ಟರಾಯಿತು, ಇಳಿದ ಫೈಲ್‌ಗಳನ್ನು ಬಿಟ್ಟು ಮುಂದೆ ಹೋಗುತ್ತದೆ. ನಮ್ಮ ಮಳೆಗಾಲಕ್ಕೆ ಇದು ದೊಡ್ಡ ಅನುಕೂಲ.

ಇನ್ನು ಹೊಸ ಡಿಸ್ಕ್ ಬರೆಯುವವರಿಗೆ. ಬರೆಯುವ ಮುಂಚೆ ಡಿಸ್ಕಿನ ಇಮೇಜ್ ತಯಾರಿಸುವ ಜೆನ್‌ಐಸೊಇಮೇಜ್ ಆಗಲಿ, ಅದೇ ಆಯ್ಕೆಗಳನ್ನು ಒಪ್ಪುವ ಬೇರೆ ಯಾವುದೇ ಆಗಲಿ, ದೊಡ್ಡ ಆರ್ ಮತ್ತು ಸಣ್ಣ ಆರ್ ಅಂತ ಎರಡು ಆಯ್ಕೆ ಇವೆ. ದೊಡ್ಡ ಆರ್ ನಿಮ್ಮ ಯಂತ್ರದ ಒಡೆತನ, ಅನುಮತಿಗಳನ್ನು ಹಾಗೇ ಡಿಸ್ಕಿಗೆ ಬರೆಯುತ್ತದೆ. ಆ 1002ರ ಡಿಸ್ಕ್ ಈ ಥರದ್ದು. ಸಣ್ಣ ಆರ್ ಒಡೆಯ, ಗುಂಪು ಎರಡನ್ನೂ ಸೊನ್ನೆ ಮಾಡಿ, ಎಲ್ಲರಿಗೂ ಓದುವ ಅನುಮತಿ ಕೊಟ್ಟು, ಬರೆಯುವ ಬಿಟ್ ತೆಗೆದು ಹಾಕುತ್ತದೆ. ಸ್ವಂತ ಬ್ಯಾಕಪ್‌ಗೆ, ಅದೇ ಯಂತ್ರಕ್ಕೆ ವಾಪಸ್ ಇಳಿಸಲಿಕ್ಕೆ ದೊಡ್ಡ ಆರ್ ಸರಿ. ಇನ್ನೊಬ್ಬರ ಕೈಗೆ ಕೊಡುವ ಡಿಸ್ಕಿಗೆ ಸಣ್ಣ ಆರ್ ಬಿಟ್ಟು ಬೇರೆ ಮಾತೇ ಇಲ್ಲ. ಜೊತೆಗೆ ದೊಡ್ಡ ಜೆ ಹಾಕಿದರೆ ಜೋಲಿಯೆಟ್ ಸೇರುತ್ತದೆ, ವಿಂಡೋಸ್‌ನಲ್ಲೂ ಕನ್ನಡ ಹೆಸರು ಕಾಣುತ್ತದೆ. ಜೋಲಿಯೆಟ್‌ನಲ್ಲಿ ಹೆಸರಿಗೆ 64 ಸಂಕೇತಗಳ ಮಿತಿ ಅನ್ನುವುದು ನೆನಪಿರಲಿ. ಒತ್ತಕ್ಷರ, ಗುಣಿತ ಎಲ್ಲ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ.

ಬರೆದ ಡಿಸ್ಕನ್ನು ಕೊಡುವ ಮುಂಚೆ ಒಮ್ಮೆ ಪರೀಕ್ಷೆ ಮಾಡಿ, ಆದರೆ ಡೆಸ್ಕ್‌ಟಾಪ್‌ನಲ್ಲಿ ಕ್ಲಿಕ್ ಮಾಡಿ ಅಲ್ಲ. ಅದು ಒಡೆತನವನ್ನು ನಿಮ್ಮ ಹೆಸರಿಗೆ ಬದಲಿಸಿ ತೋರಿಸುವುದರಿಂದ ತಪ್ಪಾಗಿ ಬರೆದ ಡಿಸ್ಕ್ ಕೂಡ ಸರಿಯಾಗಿ ತೆರೆಯುತ್ತದೆ. ಯಾವ ಆಯ್ಕೆಯನ್ನೂ ಕೊಡದೆ ರೂಟ್ ಆಗಿ ಮೌಂಟ್ ಮಾಡಿ, ಫೈಲ್ ಬರೆದವರಲ್ಲದ ಬೇರೆ ಮಾಮೂಲಿ ಯೂಸರ್ ಆಗಿ ಒಳಗಿನ ಫೈಲ್ ಒಂದನ್ನು ತೆರೆದು ನೋಡಿ.